ಘಟ್ಟದಲ್ಲಿ ಕುದಿದ ಪದ್ಮಿನಿ

ಗುಂಡ್ಯ ದಾಟಿ ಶಿರಾಡಿ ಘಟ್ಟ ಹತ್ತತೊಡಗಿ ಅರ್ಧ ಗಂಟೆಯೂ ಆಗಿರಲಿಲ್ಲ. ಬಾನೆಟ್ಟಿನ ಅಂಚಿನಿಂದ ಬಿಳಿಯ ಆವಿ ಏಳತೊಡಗಿತು. ‘ಅಪ್ಪಾ, ನಿಲ್ಲಿಸು’ ಎಂದು ಮಗ ಕೂಗಿದ. ಕಾರನ್ನು ಅಂಚಿಗೆ ತಂದು, ಎಂಜಿನ್ ಆರಿಸಿ, ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟೆ. ಹಿಂದಿನ ಸೀಟಿನಲ್ಲಿ ಉಪ್ಪಿನಂಗಡಿಯಿಂದ ಹೊರಟ ಅಮ್ಮ. ಮರುದಿನ ಬೆಳಿಗ್ಗೆ ಎಂಟಕ್ಕೆ ಬೆಂಗಳೂರಿನಲ್ಲಿ ಅಮ್ಮನ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ. ‘ಬಸ್ಸಿಗೇ ಹೋಗಬಹುದಿತ್ತು’ ಎಂದು ಅಮ್ಮ ಅನ್ನಲಿಲ್ಲ. ಅಂದಿದ್ದರೇ ವಾಸಿಯಿತ್ತು.

ನಮ್ಮದು 1988ರ ಪ್ರೀಮಿಯರ್ ಪದ್ಮಿನಿ. ಇಟಲಿಯ ಫಿಯೆಟ್ 1100ರ ಮಗಳು. ಹುಟ್ಟಿದ್ದು ಮುಂಬಯಿಯ ಕುರ್ಲಾದಲ್ಲಿ. 1089 ಸಿಸಿ ಎಂಜಿನ್, ಸ್ಟೀರಿಂಗ್ ಪಕ್ಕದಲ್ಲೇ ಗೇರು. 2023ರ ಅಕ್ಟೋಬರಿನಲ್ಲಿ ಮುಂಬಯಿಯ ಕೊನೆಯ ಪದ್ಮಿನಿ ಟ್ಯಾಕ್ಸಿಯೂ ರಸ್ತೆ ಬಿಟ್ಟಿತು. ನಮ್ಮದಿನ್ನೂ ಓಡುತ್ತಿದೆಯೆಂದರೆ ಅದಕ್ಕೆ ಕಾರಣ ನನ್ನ ಭಾನುವಾರಗಳು.

ಇದರ ಬಾನೆಟ್ ಎತ್ತಿದರೆ ಎಲ್ಲವೂ ಕಣ್ಣೆದುರಿಗೇ ಇರುತ್ತದೆ. ಕಾರ್ಬುರೇಟರ್, ಡಿಸ್ಟ್ರಿಬ್ಯೂಟರ್, ಪೆಟ್ರೋಲ್ ಪಂಪು, ಸಂದಿಯಲ್ಲಿ ಕೆಳಗಿನ ನೆಲವೂ ಕಾಣುತ್ತದೆ. ಹತ್ತು-ಹನ್ನೊಂದರ ಸ್ಪ್ಯಾನರು, ಒಂದು ಸ್ಕ್ರೂಡ್ರೈವರು, ಪ್ಲಗ್ ಬಿಚ್ಚುವ ಪಾನಾ ಇದ್ದರೆ ಅರ್ಧ ಕಾಯಿಲೆಗೆ ಮನೆಯಲ್ಲೇ ಮದ್ದು. ಪಾಯಿಂಟಿನ ಮಸಿ ಒರೆಸಿ, ಸಂದಿ ಸರಿಮಾಡಿ, ಕೀಲಿ ತಿರುಗಿಸಿದಾಗ ಎಂಜಿನ್ ಒಂದೇ ಏಟಿಗೆ ಎದ್ದರೆ ಸಿಗುವ ಸುಖ ಸಂಬಳದ ದಿನವೂ ಸಿಗದು. ಬಿಡಿಭಾಗ ಹುಡುಕುವ ಪಾಡು ಮಾತ್ರ ಬೇರೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹತ್ತು ಅಂಗಡಿ ಹತ್ತಿಳಿದು, ಕೊನೆಗೆ ಶಿವಾಜಿನಗರದ ಗುಜರಿಯಲ್ಲಿ ಎಣ್ಣೆ ಜಿಡ್ಡಿನ ರಾಶಿ ಕೆದಕಬೇಕು. ತಂದದ್ದು ಹೊಂದದಿದ್ದರೆ ಮರುವಾರ ಮತ್ತೆ ಅದೇ ಯಾತ್ರೆ.

ಘಟ್ಟದಲ್ಲಿ ಮಗ ರೇಡಿಯೇಟರಿನ ಮುಚ್ಚಳಕ್ಕೆ ಕೈಹಾಕಿದ. ಕೈ ಹಿಡಿದೆಳೆದೆ. ಪ್ರೆಷರ್ ಕುಕ್ಕರಿನ ಹಾಗೆಯೇ ಅದು. ಮುಚ್ಚಳದ ಒತ್ತಡದಲ್ಲಿ ನೀರು ನೂರು ಡಿಗ್ರಿ ದಾಟಿಯೂ ಕುದಿಯದೆ ನಿಂತಿರುತ್ತದೆ. ತೆರೆದೊಡನೆ ಒತ್ತಡ ಇಳಿದು, ಆವಿಯಾಗಿ ಮುಖಕ್ಕೇ ಚಿಮ್ಮುತ್ತದೆ. ಎಂಜಿನಿಯರಿಂಗ್ ಎರಡನೆಯ ವರ್ಷದ ಹುಡುಗ ಇದನ್ನು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದಿದ್ದ. ಕೈಗೆ ಮಾತ್ರ ಅದು ಗೊತ್ತಿರಲಿಲ್ಲ.

ಮುಕ್ಕಾಲು ಗಂಟೆ ಕಾದೆವು. ಪಕ್ಕದಲ್ಲಿ ಕೆಂಪುಹೊಳೆಯ ಸದ್ದು, ಕಣಿವೆಯಾಚೆ ಸುಬ್ರಹ್ಮಣ್ಯದ ಕಡೆಗೆ ಇಳಿಯುವ ರೈಲಿನ ಶಿಳ್ಳೆ. ಬೇರೆ ದಿನವಾಗಿದ್ದರೆ ಸ್ವರ್ಗ. ಎಂಜಿನ್ ತಣಿದ ಮೇಲೆ ನೋಡಿದರೆ, ಮೇಲಿನ ಹೋಸ್ ಪೈಪಿನ ಕ್ಲಿಪ್ಪು ಸಡಿಲ! ಹಿಂದಿನ ಭಾನುವಾರ ಆ ಪೈಪು ಹಾಕಿದವನು ನಾನೇ. ಹೊಸ ರಬ್ಬರು ಬಿಸಿಗೆ ಕೂತ ಮೇಲೆ ಇನ್ನೊಮ್ಮೆ ಬಿಗಿಯಬೇಕೆಂಬುದನ್ನು ಮರೆತಿದ್ದೆ. ಬಯ್ಯಲು ಯಾವ ಮೆಕ್ಯಾನಿಕ್ಕೂ ಇರಲಿಲ್ಲ. ‘ನನ್ನದೇ ತಪ್ಪು’ ಎಂದು ಮಗನ ಮುಂದೆ ಹೇಳಬೇಕಾಯಿತು.

ಲಾರಿ ಚಾಲಕರೊಬ್ಬರು ನಿಲ್ಲಿಸಿ ಕ್ಯಾನಿನಲ್ಲಿ ನೀರು ಕೊಟ್ಟರು. ‘ಒಮ್ಮೆಲೇ ಹೊಯ್ಯಬೇಡಿ ಸಾರ್, ಬ್ಲಾಕು ಬಿರಿದೀತು’ ಎಂದರು. ನಿಧಾನ ತುಂಬಿಸಿ ಸ್ಟಾರ್ಟ್ ಮಾಡಿದರೆ ಎಂಜಿನ್ ಕೆಮ್ಮಿ ನಿಂತಿತು. ಈಗ ಪೆಟ್ರೋಲಿನ ಸರದಿ. ಕಾದ ಪಂಪಿನೊಳಗೆ ಪೆಟ್ರೋಲು ಆವಿಯಾದರೆ ಪಂಪು ಆವಿಯನ್ನೇ ಹೀರುತ್ತದೆ, ಕಾರ್ಬುರೇಟರಿಗೆ ಹನಿಯೂ ತಲುಪುವುದಿಲ್ಲ. ‘ಪಂಪಿಗೆ ಒದ್ದೆ ಬಟ್ಟೆ’ ಎಂದೆ. ಅಮ್ಮ ಚೀಲದಿಂದ ಬೈರಾಸು ತೆಗೆದು ಮೊಮ್ಮಗನ ಕೈಗಿತ್ತು, ‘ನಿನ್ನ ಅಜ್ಜನೂ ಹೀಗೇ ಮಾಡುತ್ತಿದ್ದರು, ಜ್ವರದವರ ಹಣೆಗೆ ಹಾಕಿದ ಹಾಗೆ’ ಅಂದರು. ಮಗ ಅದನ್ನು ತೋಯಿಸಿ ಪಂಪಿಗೆ ಸುತ್ತಿದ. ಹತ್ತು ನಿಮಿಷಕ್ಕೆ ಪದ್ಮಿನಿ ಎದ್ದಳು. ಸಕಲೇಶಪುರದಲ್ಲಿ ಕಾಫಿ, ಹಾಸನದಲ್ಲಿ ಕತ್ತಲೆ, ಬೆಂಗಳೂರು ಮುಟ್ಟಿದಾಗ ನಡುರಾತ್ರಿ. ಬೆಳಿಗ್ಗೆ ಎಂಟಕ್ಕೆ ಅಮ್ಮ ಆಸ್ಪತ್ರೆಯಲ್ಲಿದ್ದರು. ಕಣ್ಣು ಚೆನ್ನಾಗಿಯೇ ಆಯಿತು.

ಅಂದಿನಿಂದ ಎರಡು ನಿಯಮ ಮಾಡಿಕೊಂಡಿದ್ದೇನೆ. ಬ್ರೇಕು, ಸ್ಟೀರಿಂಗು ಪಳಗಿದ ಕೈಗೇ ಹೋಗಬೇಕು. ಅಲ್ಲಿ ಹವ್ಯಾಸ ಸಲ್ಲದು. ದೂರದ ಪ್ರಯಾಣದ ಹಿಂದಿನ ದಿನ ಹೊಸದೇನನ್ನೂ ಬಿಚ್ಚಬಾರದು. ಬಿಗಿದದ್ದನ್ನು ಮಾತ್ರ ಮತ್ತೊಮ್ಮೆ ನೋಡಬೇಕು.

ಕಾರು ಮಾರಿಬಿಡು ಎನ್ನುತ್ತಿದ್ದ ಮಗ ಈಗ ಆ ಮಾತೆತ್ತುವುದಿಲ್ಲ. ಕಳೆದ ಭಾನುವಾರ ನಾನು ಏಳುವ ಮೊದಲೇ ಬಾನೆಟ್ ತೆರೆದಿತ್ತು. ಕೈಯಲ್ಲಿ ಸ್ಕ್ರೂಡ್ರೈವರ್ ಹಿಡಿದು ಹೋಸ್ ಪೈಪಿನ ಕ್ಲಿಪ್ಪನ್ನು ಪರೀಕ್ಷಿಸುತ್ತಿದ್ದ. ನಾನು ಬಿಗಿದದ್ದರ ಮೇಲೆ ಅವನಿಗೆ ನಂಬಿಕೆಯಿಲ್ಲ. ಇರಲಿ, ಅದೂ ಒಂದು ಪಾಠವೇ.