ಒಡೆಯುವ ಮೊದಲೇ ಮೌನವಾದ ಶಂಖ

ವಿಲಿಯಂ ಗೋಲ್ಡಿಂಗ್ ಅವರ ‘ಲಾರ್ಡ್ ಆಫ್ ದಿ ಫ್ಲೈಸ್’ ಕಾದಂಬರಿಯ ಚರ್ಚೆ ಬಂದಾಗಲೆಲ್ಲ ಸಂಕೇತಗಳ ಸಿದ್ಧ ಪಟ್ಟಿಯೊಂದು ಎದುರು ನಿಲ್ಲುತ್ತದೆ: ಶಂಖವೆಂದರೆ ಪ್ರಜಾಪ್ರಭುತ್ವ, ಕನ್ನಡಕವೆಂದರೆ ವಿವೇಕ, ಬೆಂಕಿಯೆಂದರೆ ಬಿಡುಗಡೆಯ ಆಸೆ, ಕೋಲಿಗೆ ಸಿಕ್ಕಿಸಿದ ಹಂದಿಯ ತಲೆಯೆಂದರೆ ಮನುಷ್ಯನೊಳಗಿನ ಕೇಡು. ಪಟ್ಟಿ ತಪ್ಪೇನಲ್ಲ. ಆದರೆ ಒಂದು ವಸ್ತುವಿಗೆ ಒಂದು ಅರ್ಥವನ್ನು ಗಂಟು ಹಾಕಿಬಿಟ್ಟರೆ, ಕಥೆ ಸಾಗಿದಂತೆ ಆ ವಸ್ತುವಿನ ಬಲ ಹೇಗೆ ಏರುತ್ತದೆ, ಹೇಗೆ ಇಳಿಯುತ್ತದೆ ಎಂಬುದು ಕಣ್ಣಿಗೆ ಬೀಳುವುದಿಲ್ಲ. ಮರು ಓದಿನಲ್ಲಿ ನನ್ನನ್ನು ಕಾಡುತ್ತ ಬಂದ ಪ್ರಶ್ನೆ ಇದು: ಆ ಶಂಖಕ್ಕೆ ಅಧಿಕಾರ ಎಲ್ಲಿಂದ ಬಂತು, ಯಾವಾಗ ಹೋಯಿತು?

1954ರಲ್ಲಿ ಪ್ರಕಟವಾದ ಈ ಕೃತಿ ಗೋಲ್ಡಿಂಗ್ ಅವರ ಮೊದಲ ಕಾದಂಬರಿ. ಬ್ರಿಟಿಷ್ ನೌಕಾಪಡೆಯಲ್ಲಿದ್ದು 1944ರ ನಾರ್ಮಂಡಿ ಕಾರ್ಯಾಚರಣೆಯನ್ನು ಕಂಡವರು ಅವರು; ಶಾಲಾ ಉಪಾಧ್ಯಾಯರಾಗಿ ಹುಡುಗರನ್ನೂ ಹತ್ತಿರದಿಂದ ಬಲ್ಲವರು. ಯುದ್ಧಕಾಲದಲ್ಲಿ ವಿಮಾನ ಉರುಳಿ, ನಿರ್ಜನ ದ್ವೀಪದಲ್ಲಿ ಹಿರಿಯರಿಲ್ಲದೆ ಉಳಿದ ಇಂಗ್ಲಿಷ್ ಹುಡುಗರ ಕಥೆಯಲ್ಲಿ ಈ ಎರಡೂ ಅನುಭವಗಳು ಕೂಡಿಕೊಂಡಿವೆ.

ಕನ್ನಡ ಓದುಗನಿಗೆ ಶಂಖ ಹೊಸದಲ್ಲ. ‘ಶಂಖದಿಂದ ಬಂದರೇ ತೀರ್ಥ’ ಎಂಬ ನಮ್ಮ ಗಾದೆಯಲ್ಲಿ ಪರಂಪರೆ ಮೊದಲೇ ಆ ವಸ್ತುವಿಗೆ ಪಾವಿತ್ರ್ಯವನ್ನು ಕೊಟ್ಟಿರುತ್ತದೆ. ದ್ವೀಪದ ಹುಡುಗರ ಶಂಖಕ್ಕೆ ಅಂತಹ ಹಿನ್ನೆಲೆಯಿಲ್ಲ. ನೀರಿನ ಕಳೆಯ ನಡುವೆ ರಾಲ್ಫನ ಕಣ್ಣಿಗೆ ಬಿದ್ದ ಚಿಪ್ಪು ಅದು. ಅದನ್ನು ಊದುವ ಬಗೆಯನ್ನು ಬಲ್ಲವನು ಪಿಗ್ಗಿ; ಆದರೆ ಉಬ್ಬಸದಿಂದಾಗಿ ಊದಲಾರ. ಅರಿವು ಒಬ್ಬನದು, ಉಸಿರು ಇನ್ನೊಬ್ಬನದು. ದನಿ ಕೇಳಿ ಹುಡುಗರು ಸೇರುತ್ತಾರೆ. ಊದಿದವನನ್ನೇ ನಾಯಕನನ್ನಾಗಿ ಆರಿಸುತ್ತಾರೆ. ಶಂಖ ಕೈಯಲ್ಲಿದ್ದವನು ಮಾತಾಡಬೇಕು, ಉಳಿದವರು ಕೇಳಬೇಕು ಎಂಬ ನಿಯಮ ಹುಟ್ಟುತ್ತದೆ. ಹೀಗೆ ಇಲ್ಲಿ ತೀರ್ಥವಾದದ್ದು ಕೇಳುವವರ ಒಪ್ಪಿಗೆಯಿಂದ ಮಾತ್ರ.

ಒಪ್ಪಿಗೆಯಿಂದ ಬಂದದ್ದು ಒಪ್ಪಿಗೆಯೊಡನೆಯೇ ಸವೆಯುತ್ತದೆ. ನಿಯಮಗಳು ಬೇಕೆಂದು ಉತ್ಸಾಹದಿಂದ ಕೂಗಿದ ಜ್ಯಾಕನೇ, ಬೆಟ್ಟದ ಮೇಲೆ ಶಂಖ ಲೆಕ್ಕಕ್ಕಿಲ್ಲವೆಂದು ಬಹುಬೇಗ ಸಾರುತ್ತಾನೆ. ಪಿಗ್ಗಿ ಶಂಖ ಹಿಡಿದು ಅಂಗಲಾಚಿದರೂ ಕೇಳುವವರಿರುವುದಿಲ್ಲ. ಅಂದೇ ಹತೋಟಿ ಮೀರಿದ ಬೆಂಕಿಯ ನಂತರ ಮುಖದ ಮೇಲೆ ಮಚ್ಚೆಯಿದ್ದ ಪುಟ್ಟ ಹುಡುಗನೊಬ್ಬ ಮತ್ತೆ ಕಾಣಿಸುವುದಿಲ್ಲ. ಐದನೆಯ ಅಧ್ಯಾಯದಲ್ಲಿ ಸಭೆ ಚದುರಿದಾಗ ಶಂಖ ಊದೆಂದು ಪಿಗ್ಗಿ ಒತ್ತಾಯಿಸುತ್ತಾನೆ. ರಾಲ್ಫ್ ಊದುವುದಿಲ್ಲ. ಊದಿದರೂ ಅವರು ಬಾರದಿದ್ದರೆ ಎಲ್ಲವೂ ಮುಗಿದಂತೆಯೇ ಎಂಬುದು ಅವನ ಭಯ. ಇಡೀ ಕಾದಂಬರಿಯಲ್ಲಿ ನಾನು ತಡೆದು ನಿಲ್ಲುವ ಜಾಗವಿದು. ಸಂಕೇತವನ್ನು ಉಳಿಸಿಕೊಳ್ಳಬೇಕಾದರೆ ಅದನ್ನು ಬಳಸಬಾರದು ಎಂಬ ಸ್ಥಿತಿ ಬಂದಾಗ ವ್ಯವಸ್ಥೆ ಒಳಗಿನಿಂದ ಟೊಳ್ಳಾಗಿರುತ್ತದೆ.

ಕನ್ನಡಕದ ಕಥೆ ಇದಕ್ಕೆ ವಿರುದ್ಧ ದಿಕ್ಕಿನದು. ಮೊದಲು ಅದು ಪಿಗ್ಗಿಯ ಕಣ್ಣು. ಬಳಿಕ ಬೆಂಕಿ ಹೊತ್ತಿಸುವ ಸಾಧನ. ಜ್ಯಾಕನ ಹೊಡೆತಕ್ಕೆ ಒಂದು ಗಾಜು ಒಡೆಯುತ್ತದೆ. ಕೊನೆಗೆ ಉಳಿದದ್ದೂ ರಾತ್ರಿಯ ಕಳವಿನ ಸೊತ್ತಾಗುತ್ತದೆ. ಸಮೀಪದೃಷ್ಟಿಯವನ ಗಾಜು ಬಿಸಿಲನ್ನು ಒಂದೆಡೆ ಸೇರಿಸಲಾರದು ಎಂಬ ವಿಜ್ಞಾನದ ಆಕ್ಷೇಪ ಪ್ರಸಿದ್ಧವಾದುದೇ. ಆದರೆ ಆ ರಾತ್ರಿಯ ನಿಜವಾದ ಸೂಚನೆ ಬೇರೆಡೆಯಿದೆ. ದಾಳಿಕೋರರು ಶಂಖಕ್ಕಾಗಿ ಬಂದರೆಂದು ಪಿಗ್ಗಿ ಭಾವಿಸುತ್ತಾನೆ. ಶಂಖ ಇದ್ದಲ್ಲಿಯೇ ಹೊಳೆಯುತ್ತಿರುತ್ತದೆ. ಕದಿಯಲೂ ಯಾರಿಗೂ ಬೇಡವಾದ ಅಧಿಕಾರ ಅದು.

ಇನ್ನೊಂದು ವಸ್ತುವಿದೆ, ಪಟ್ಟಿಗಳಲ್ಲಿ ಅದು ಸಾಮಾನ್ಯವಾಗಿ ಸೇರುವುದಿಲ್ಲ. ಅದು ಕಲ್ಲು. ನಾಲ್ಕನೆಯ ಅಧ್ಯಾಯದಲ್ಲಿ ರೋಜರ್ ಒಬ್ಬ ಚಿಕ್ಕ ಹುಡುಗನತ್ತ ಕಲ್ಲೆಸೆಯುತ್ತಾನೆ, ಆದರೆ ತಾಗದಂತೆ. ಮನೆ, ಶಾಲೆ, ಪೊಲೀಸು, ಕಾನೂನು ಇನ್ನೂ ಅವನ ತೋಳನ್ನು ಹಿಡಿದಿರುತ್ತವೆ. ಕೊನೆಗೆ ಅದೇ ರೋಜರ್ ಮೇಲಿನಿಂದ ಬಂಡೆಯನ್ನು ಉರುಳಿಸುತ್ತಾನೆ. ಪಿಗ್ಗಿ ಸಾಯುತ್ತಾನೆ, ಅವನ ಕೈಯಲ್ಲಿದ್ದ ಶಂಖ ನುಚ್ಚುನೂರಾಗುತ್ತದೆ. ವ್ಯವಸ್ಥೆ ಕುಸಿದದ್ದು ಈ ಕ್ಷಣದಲ್ಲಿ ಎಂಬುದು ವಾಡಿಕೆಯ ಉತ್ತರ. ನನಗನ್ನಿಸುವಂತೆ ಕುಸಿತ ಎಂದೋ ಮುಗಿದಿತ್ತು. ಬಂಡೆ ಅದನ್ನು ಲೋಕಕ್ಕೆ ಕಾಣಿಸಿತಷ್ಟೆ.

ಹುಡುಗರನ್ನು ರಕ್ಷಿಸಲು ಬರುವ ನೌಕಾಧಿಕಾರಿಯೂ ಯುದ್ಧನೌಕೆಯಿಂದಲೇ ಇಳಿದು ಬರುತ್ತಾನೆ. ಅವನ ಸೊಂಟದಲ್ಲೂ ರಿವಾಲ್ವರ್ ಇದೆ. ಅವನನ್ನು ಕರೆತಂದದ್ದು ರಾಲ್ಫನನ್ನು ಬೇಟೆಯಾಡಲು ಹಚ್ಚಿದ ಬೆಂಕಿಯ ಹೊಗೆ. ಹೀಗಾಗಿ ಮರಳಿ ಬಂದ ವ್ಯವಸ್ಥೆಯನ್ನೂ ನಾವು ನಿಶ್ಚಿಂತೆಯಿಂದ ನಂಬಲಾರೆವು.

ಸಭೆ, ಸಮಿತಿ, ನಡಾವಳಿ, ಮೊಹರುಗಳ ನಡುವೆ ಬದುಕುವ ನಮಗೆ ಈ ಕಾದಂಬರಿ ಕೇಳುವುದು ಸರಳ ಪ್ರಶ್ನೆ: ಶಂಖ ಯಾರ ಕೈಯಲ್ಲಿದೆ ಎಂದು ನೋಡುವ ನಾವು, ಯಾರು ಕೇಳಿಸಿಕೊಳ್ಳುತ್ತಿದ್ದಾರೆ ಎಂದು ನೋಡುತ್ತೇವೆಯೇ? ಮಾತಿನ ಹಕ್ಕನ್ನು ಕೊನೆಯುಸಿರಿನವರೆಗೆ ಕೈಯಲ್ಲಿ ಹಿಡಿದಿದ್ದ ಆ ಹುಡುಗನನ್ನು ಎಲ್ಲರೂ ಕರೆದದ್ದು ಅಡ್ಡಹೆಸರಿನಿಂದ. ಅವನ ನಿಜವಾದ ಹೆಸರನ್ನು ಅವರು ಕೇಳಲೇ ಇಲ್ಲ. ಪುಸ್ತಕ ಮುಗಿದರೂ ಅದು ನಮಗೆ ತಿಳಿಯುವುದಿಲ್ಲ.