ಮೂರನೇ ಗೇರು ಹಿಡಿಯದ ರಾತ್ರಿ

ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತುವಾಗ ಕತ್ತಲಾಗಿತ್ತು. ಜುಲೈ ತಿಂಗಳ ಮಳೆ. ಹಿಂದಿನ ಸೀಟಿನಲ್ಲಿ ಅಪ್ಪ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡು ಅಂದೇ ಮಂಗಳೂರಿನ ಆಸ್ಪತ್ರೆಯಿಂದ ಬಿಡುಗಡೆಯಾಗಿದ್ದರು. ಪಕ್ಕದಲ್ಲಿ ಅಮ್ಮ, ಮಡಿಲಲ್ಲಿ ಮಾತ್ರೆಗಳ ಚೀಲ. ನಮ್ಮದು 2006ರ ಆಟೋಮ್ಯಾಟಿಕ್ ಕಾರು, ನಾಲ್ಕು ಗೇರಿನದು. ಎರಡು ಲಕ್ಷ ಕಿಲೋಮೀಟರ್ ದಾಟಿತ್ತು.

ಒಂದು ತಿರುವು ಕಳೆದು ಎರಡರಿಂದ ಮೂರಕ್ಕೆ ಬೀಳಬೇಕಾದ ಗೇರು ಬೀಳಲೇ ಇಲ್ಲ. ಇಂಜಿನ್ ಅರಚಿಕೊಂಡಿತು. ಆರ್‌ಪಿಎಂ ಮುಳ್ಳು ಎರಡು ಸಾವಿರದಿಂದ ನಾಲ್ಕು ಸಾವಿರಕ್ಕೆ ಜಿಗಿಯಿತು, ಕಾರು ಮಾತ್ರ ನಿಧಾನವಾಗುತ್ತಲೇ ಬಂತು. ಹಿಂದೆ ಬುಲೆಟ್ ಟ್ಯಾಂಕರೊಂದು ಒಂದೇ ಸಮನೆ ಹಾರ್ನ್ ಹೊಡೆಯುತ್ತಿತ್ತು. ಬದಿಗೆ ಸರಿಯೋಣವೆಂದರೆ ರಸ್ತೆಯಂಚು ಕೆಸರು. ಕೈ ತಾನಾಗಿ ಲಿವರನ್ನು ‘ಡಿ’ಯಿಂದ ‘2’ಕ್ಕೆ ಎಳೆಯಿತು. ಕಾರು ಗಕ್ಕನೆ ಹಿಡಿದುಕೊಂಡು ಮುಂದೆ ಹೋಯಿತು.

“ಏನಾಯ್ತೋ?” ಎಂದರು ಅಮ್ಮ.

“ಅವನನ್ನ ಮಾತಾಡಿಸಬೇಡ, ಓಡಿಸಲಿ” ಎಂದರು ಅಪ್ಪ. ಕನ್ನಡಿಯಲ್ಲಿ ನೋಡಿದರೆ ಅವರ ಬಲಗೈ ಎದೆಯ ಮೇಲಿತ್ತು. ನೋವೋ, ಭಯವೋ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ.

ದೋಣಿಗಲ್‌ವರೆಗೂ ಎರಡನೇ ಗೇರಿನಲ್ಲೇ ಏರಿದೆವು. ಒಳಗೆಲ್ಲ ಸುಟ್ಟ ಎಣ್ಣೆಯ ವಾಸನೆ. ಹೋಟೆಲೊಂದರ ಮುಂದೆ ನಿಲ್ಲಿಸಿ, ಅಪ್ಪನಿಗೆ ಮಾತ್ರೆ ಕೊಟ್ಟು ಹೊರಡುವಾಗ ರಿವರ್ಸ್ ಹಾಕಿದೆ. ಸ್ವಲ್ಪ ಹೊತ್ತು ಏನೂ ಆಗಲಿಲ್ಲ; ಆಮೇಲೆ ಧಡಕ್ಕೆಂದು ಬಿತ್ತು. ಹಾಸನದ ಮನೆ ಸೇರಿದಾಗ ಮಧ್ಯರಾತ್ರಿ ಮೀರಿತ್ತು. ಅಪ್ಪನಿಗೆ ಏನೂ ಆಗಿರಲಿಲ್ಲ.

ಮರುದಿನ ಹೋದ ವರ್ಕ್‌ಶಾಪಿನಲ್ಲಿ ಸ್ಕ್ಯಾನರ್ ಚುಚ್ಚಿದರು. ಪಿ0730 ಎಂಬ ಕೋಡ್ ಬಂತು. “ಗೇರ್‌ಬಾಕ್ಸೇ ಹೋಗಿದೆ ಸಾರ್, ಹೊಸದೇ ಹಾಕ್ಬೇಕು” ಎಂದರು. ಹೇಳಿದ ಮೊತ್ತ ಆ ಕಾರು ಮಾರಿದರೂ ಹುಟ್ಟುತ್ತಿರಲಿಲ್ಲ. ಆ ಕೋಡ್ ಹೇಳುವುದು ಇಷ್ಟೇ: ಗೇರ್‌ಬಾಕ್ಸಿನ ಒಳಗೆ ಬರುವ ಸುತ್ತಿಗೂ ಹೊರಗೆ ಹೋಗುವ ಸುತ್ತಿಗೂ ಲೆಕ್ಕ ತಾಳೆಯಾಗುತ್ತಿಲ್ಲ. ಯಾಕೆ ಎಂದು ಅದು ಹೇಳುವುದಿಲ್ಲ. ಬಾನೆಟ್ ಎತ್ತಿ ಆಯಿಲ್ ಕಡ್ಡಿಯನ್ನೂ ಎಳೆದು ನೋಡದೆ ತೀರ್ಪು ಕೊಟ್ಟಿದ್ದು ನನಗೆ ಇವತ್ತಿಗೂ ಸಹಿಸಲಾಗದು. ಆಸ್ಪತ್ರೆಯ ಬಿಲ್ಲು ಕಟ್ಟಿ ಬಂದ ವಾರ ಅದು.

ಸ್ನೇಹಿತರ ಮಾತಿನಂತೆ ಕಾರನ್ನು ಬೆಂಗಳೂರಿನ ಶಿವಾಜಿನಗರಕ್ಕೆ ಲಾರಿಯ ಮೇಲೆ ಹೇರಿಸಿ ಕಳಿಸಿದೆ. ಮುಂದಿನ ಚಕ್ರ ಎಳೆಯುವ ಆಟೋಮ್ಯಾಟಿಕ್ ಕಾರನ್ನು ಹಗ್ಗ ಕಟ್ಟಿ ದೂರ ಎಳೆಯಬಾರದು. ಇಂಜಿನ್ ನಿಂತಿದ್ದರೆ ಒಳಗಿನ ಪಂಪ್ ತಿರುಗದು, ಎಣ್ಣೆಯಿಲ್ಲದೆ ಗೇರುಗಳು ಉಜ್ಜಿಹೋಗುತ್ತವೆ.

ಅಲ್ಲಿನ ಹಿರಿಯ ಮೆಕ್ಯಾನಿಕ್ಕನ್ನು ಎಲ್ಲರೂ ಭಾಯ್ ಎನ್ನುತ್ತಿದ್ದರು. ಅವರು ಸ್ಕ್ಯಾನರ್ ಮುಟ್ಟುವ ಮೊದಲು ಕೇಳುತ್ತಲೇ ಹೋದರು. ಯಾವ ಗೇರಲ್ಲಿ ಸ್ಲಿಪ್? ತಣ್ಣಗಿದ್ದಾಗಲೋ, ಬಿಸಿಯಾದ ಮೇಲೋ? ರಿವರ್ಸ್ ಹೇಗೆ ಬೀಳುತ್ತೆ? ಆಮೇಲೆ ಇಂಜಿನ್ ಬಿಸಿ ಮಾಡಿ, ಬ್ರೇಕ್ ಒತ್ತಿಸಿ, ಲಿವರನ್ನು ಎಲ್ಲ ಸ್ಥಾನಗಳಿಗೂ ಒಮ್ಮೆ ಆಡಿಸಿ, ಇಂಜಿನ್ ಓಡುತ್ತಿರುವಾಗಲೇ ಕಡ್ಡಿ ಎಳೆದು ಬಿಳಿ ಬಟ್ಟೆಗೆ ಒರೆಸಿದರು. ತಿಳಿಗೆಂಪಾಗಿರಬೇಕಾದ ಎಣ್ಣೆ ಕಾಫಿ ಡಿಕಾಕ್ಷನ್ನಿನಂತಿತ್ತು. ಮಟ್ಟ ಮಾತ್ರ ಸರಿಯಾಗಿತ್ತು. ಪ್ರೆಷರ್ ಗೇಜ್ ಕಟ್ಟಿ ನೋಡಿದರು. ಒತ್ತಡವೂ ಸರಿ.

“ಪಂಪು ಚೆನ್ನಾಗಿದೆ ಸಾರ್. ಒಂದು, ಎರಡು ಸರಿಯಾಗಿ ಹಿಡಿತಾವೆ ಅಂದ್ರೆ ಆ ಕಡೆ ತೊಂದ್ರೆ ಇಲ್ಲ. ಈ ಡಬ್ಬದಲ್ಲಿ ಮೂರಕ್ಕೂ ರಿವರ್ಸಿಗೂ ಒಂದೇ ಕ್ಲಚ್. ಎರಡೂ ಕೈ ಕೊಟ್ಟಿವೆ, ಅಲ್ವಾ?” ನಾಲ್ಕನೆಯದಕ್ಕೂ ಅದೇ ಕ್ಲಚ್ ಬೇಕಂತೆ, ಘಾಟಿಯಲ್ಲಿ ನಾವು ಅಲ್ಲಿಯವರೆಗೆ ಹೋಗಿರಲೇ ಇಲ್ಲ.

ಕೆಳಗಿನ ತಟ್ಟೆ ಬಿಚ್ಚಿದಾಗ ಮ್ಯಾಗ್ನೆಟ್ಟಿಗೆ ಬೂದು ಬಣ್ಣದ ನುಣ್ಣನೆ ಪುಡಿ ಅಂಟಿತ್ತು. ಅದು ಇಷ್ಟು ಓಡಿದ ಯಾವ ಗೇರ್‌ಬಾಕ್ಸಿನಲ್ಲೂ ಇರುವಂಥದ್ದು ಎಂದರು. ಲೋಹದ ಚೂರುಗಳಿರಲಿಲ್ಲ. ತಳದಲ್ಲಿ ಕಪ್ಪು ಕೆಸರಿತ್ತು, ಕ್ಲಚ್ ಪ್ಲೇಟಿನಿಂದ ಉದುರಿದ ಪದರ. ಹೊಸ ಎಣ್ಣೆ ಹಾಕಿದರೆ ಸರಿಹೋಗುತ್ತದೆಯೇ ಎಂದು ಕೇಳಿದೆ. ಉದುರಿದ ಪದರ ಎಣ್ಣೆಯಿಂದ ವಾಪಸ್ ಬರಲ್ಲ ಎಂದರು.

ಗೇರ್‌ಬಾಕ್ಸ್ ಇಳಿಸಿದ ದಿನ ಫೋನ್ ಮಾಡಿ ಕರೆಸಿಕೊಂಡರು. ಆ ಕ್ಲಚ್ಚಿನ ಪಿಸ್ಟನ್ ಸೀಲನ್ನು ನನ್ನ ಅಂಗೈಗೆ ಹಾಕಿದರು. ಬಗ್ಗಿಸಲು ಹೋದೆ, ಪಟ್ಟನೆ ಮುರಿಯಿತು. ವರ್ಷಗಳ ಬಿಸಿಗೆ ರಬ್ಬರು ಗಡಸಾಗಿ ಎಣ್ಣೆಯ ಒತ್ತಡ ಸೋರಿ, ಪ್ಲೇಟುಗಳು ಪೂರ್ತಿ ಒತ್ತಿಕೊಳ್ಳದೆ ಜಾರಿ ಸುಟ್ಟಿದ್ದವು. ಉಕ್ಕಿನ ಪ್ಲೇಟುಗಳ ಮೇಲೆ ನೀಲಿ ಕಲೆಗಳಿದ್ದವು. ಉಳಿದ ಕ್ಲಚ್ಚುಗಳು ಬಳಸುವಂತಿದ್ದರೂ ಎಲ್ಲದರ ಸೀಲುಗಳನ್ನೂ ಬದಲಾಯಿಸಿದರು. ಹೊಸ ಗೇರ್‌ಬಾಕ್ಸಿಗೆ ಹೇಳಿದ್ದ ದುಡ್ಡಿನ ಮೂರರಲ್ಲಿ ಒಂದು ಪಾಲೂ ಖರ್ಚಾಗಲಿಲ್ಲ. ಸಾವಿರ ಕಿಲೋಮೀಟರ್ ಓಡಿಸಿ ತಂದು ತೋರಿಸಿ, ಎಣ್ಣೆಯ ಬಣ್ಣ ನೋಡಬೇಕು ಎಂದಿದ್ದರು. ತೋರಿಸಿದೆ. ಬಟ್ಟೆಯ ಮೇಲೆ ಕೆಂಪು ಮೂಡಿತು.