ರಾಜಾಜಿನಗರದ ಹಿತ್ತಿಲಲ್ಲಿ ಕಾಫಿ ಹುರಿದುದು

ಕಾಫಿಯ ಪುಡಿಯು ಅಂಗಡಿಯಲ್ಲಿಯೇ ಹುಟ್ಟುವುದೆಂದು ನಂಬಿರುವ ಮಕ್ಕಳು ಈಗ ನಮ್ಮ ಮನೆಗಳಲ್ಲಿ ಬೆಳೆಯುತ್ತಿರುವರು. ಅವರನ್ನು ಆಕ್ಷೇಪಿಸುವ ಅಧಿಕಾರ ನಮಗಿಲ್ಲ. ನಾವೇ ಹಸಿಯ ಕಾಫಿಬೀಜವನ್ನು ಕೈಯಲ್ಲಿ ಹಿಡಿದು ಮೂವತ್ತು ವರ್ಷಗಳಾಗಿದ್ದುವು. ಆದಕಾರಣ, ರಾಜಾಜಿನಗರದಲ್ಲಿರುವ ನಮ್ಮ ಸೋದರತ್ತೆಯವರು "ಭಾನುವಾರ ಬೀಜ ಹುರಿಯುತ್ತೇನೆ, ನೋಡುವ ಹಾಗಿದ್ದರೆ ಬನ್ನಿ" ಎಂದು ಫೋನಿನಲ್ಲಿ ತಿಳಿಸಿದಾಗ, ನಾವೂ ನಮ್ಮ ಮನೆಯವರೂ ಮೈಸೂರಿನಿಂದ ಬೆಳಗಿನ ರೈಲಿಗೆ ಹೊರಟೆವು.

ಕೆಂಗೇರಿಯಲ್ಲಿ ಇಳಿದು, ಆಟೋದಲ್ಲಿ ಮೆಟ್ರೋ ನಿಲ್ದಾಣವನ್ನು ಸೇರಿದೆವು. 2021ರ ಆಗಸ್ಟಿನಲ್ಲಿ ಮೆಟ್ರೋ ಇಲ್ಲಿಯವರೆಗೆ ಬಂದಂದಿನಿಂದ ಮೈಸೂರಿನ ಕಡೆಯವರಿಗೆ ಬೆಂಗಳೂರಿನ ಪಶ್ಚಿಮಭಾಗವು ಬಹಳ ಹತ್ತಿರವಾಗಿದೆ. ವಿಜಯನಗರದಲ್ಲಿ ಇಳಿದು ನಾಲ್ಕು ಹೆಜ್ಜೆ ನಡೆಯುವಷ್ಟರಲ್ಲಿ, ಕಾಫಿ ಹುರಿಯುತ್ತಿರುವ ವಾಸನೆಯು ನಮ್ಮನ್ನು ತಡೆದು ನಿಲ್ಲಿಸಿತು.

ಅದೊಂದು ಸಣ್ಣ ಪುಡಿಯಂಗಡಿ. ಒಳಗೆ ಉರುಳೆಯಾಕಾರದ ಯಂತ್ರವೊಂದು ಬೀಜಗಳನ್ನು ಹೊರಳಿಸುತ್ತಿದ್ದಿತು; ಪಕ್ಕದಲ್ಲಿ ಬೀಸುವ ಯಂತ್ರದ ಗುಂಯ್‌ಗುಟ್ಟುವಿಕೆ. ಗಿರಾಕಿಗಳನ್ನು ಅಂಗಡಿಯವರು ಕೇಳುತ್ತಿದ್ದುದು ಒಂದೇ ಪ್ರಶ್ನೆ: "ಚಿಕೋರಿ ಎಷ್ಟು ಹಾಕಲಿ?" ಚಿಕೋರಿಯು ಕಾಫಿಯಲ್ಲ, ಒಂದು ಗಿಡದ ಬೇರನ್ನು ಒಣಗಿಸಿ ಹುರಿದು ಮಾಡಿದ ಪುಡಿ. ನೆಪೋಲಿಯನ್ನನ ಕಾಲದಲ್ಲಿ ಫ್ರಾನ್ಸಿಗೆ ಹಡಗಿನ ಮೇಲೆ ಕಾಫಿ ಬರುವುದು ಕಷ್ಟವಾದಾಗ ಅಲ್ಲಿಯ ಜನ ಇದನ್ನು ಬಹುವಾಗಿ ಬಳಸಿದರು. ನಮ್ಮಲ್ಲಿ ಇದು ಗುಜರಾತಿನಲ್ಲಿಯೂ ಉತ್ತರಪ್ರದೇಶದಲ್ಲಿಯೂ ಬೆಳೆಯುತ್ತದೆ. ಡಿಕಾಕ್ಷನ್ನಿಗೆ ಬಣ್ಣವನ್ನೂ ಮಂದತೆಯನ್ನೂ ಕೊಡುವುದು ನಿಜ. ಆದರೆ ಪುಡಿಯಲ್ಲಿ ಕಾಫಿಯು ನೂರಕ್ಕೆ 51 ಪಾಲಿಗಿಂತ ಕಡಿಮೆಯಿರಕೂಡದೆಂದು ಕಾನೂನೇ ಹೇಳಬೇಕಾಗಿ ಬಂದಿರುವುದನ್ನು ನೋಡಿದರೆ, ಮನುಷ್ಯರ ಸ್ವಭಾವ ಎಂಥದೆಂದು ಊಹಿಸಬಹುದು. ಗೃಹಿಣಿಯರು ಪೊಟ್ಟಣದ ಮೇಲಿನ ಸಣ್ಣ ಅಕ್ಷರಗಳನ್ನು ಒಮ್ಮೆ ಓದಿ ನೋಡುವುದೊಳ್ಳೆಯದು.

ಅಲ್ಲಿಂದ ಕಾರ್ಡ್ ರಸ್ತೆಯಲ್ಲಿ, ಬಸವೇಶ್ವರನಗರವನ್ನು ಎಡಕ್ಕೆ ಬಿಟ್ಟು, ರಾಜಾಜಿನಗರಕ್ಕೆ ಬಂದೆವು. ಆಗ ಗವರ್ನರ್ ಜನರಲರಾಗಿದ್ದ ರಾಜಗೋಪಾಲಾಚಾರ್ಯರ ಹೆಸರಿನಲ್ಲಿ 1949ರಲ್ಲಿ ಆರಂಭವಾದ ಬಡಾವಣೆಯಿದು. ಅತ್ತೆಯವರು 1968ರಲ್ಲಿ ಸೊಸೆಯಾಗಿ ಬಂದ ಮನೆಯು ಇನ್ನೂ ಹಾಗೆಯೇ ಇದೆ. ಸುತ್ತಲೂ ನಾಲ್ಕು ಅಂತಸ್ತಿನ ಮನೆಗಳೆದ್ದಿದ್ದರೂ ಇವರ ಹಿತ್ತಿಲಲ್ಲಿ ಒಂದು ಕರಿಬೇವಿನ ಗಿಡ, ಒಗೆಯುವ ಕಲ್ಲು, ಅದರ ಮಗ್ಗುಲಲ್ಲಿ ಹಳೆಯ ಅಗ್ಗಿಷ್ಟಿಕೆ ಉಳಿದಿವೆ.

ಇಲ್ಲಿ ಒಂದು ಸಂಗತಿಯನ್ನು ಹೇಳಬೇಕು. 2021ರಲ್ಲಿ ಬಂದ ಕೊರೋನಾ ಜ್ವರದಲ್ಲಿ ಅತ್ತೆಯವರ ಮೂಗಿನ ಶಕ್ತಿಯು ಹೊರಟುಹೋಯಿತು. ಮತ್ತೆ ಬರಲೇ ಇಲ್ಲ. ಬೀಜ ಹದವಾಯಿತೆಂಬುದನ್ನು ನಡುಮನೆಯಲ್ಲಿ ಕುಳಿತೇ ಮೂಗಿನಿಂದ ತಿಳಿಯುತ್ತಿದ್ದವರು ಅವರು. ಗುಣವಾದ ಮೇಲೆ ಮೊದಲ ಸಲ ಹುರಿದಾಗ ಬಾಣಲೆಯೆಲ್ಲ ಇದ್ದಿಲಾಯಿತಂತೆ. ಆಮೇಲೆ ಎರಡು ವರ್ಷ ಅಗ್ಗಿಷ್ಟಿಕೆಯನ್ನೇ ಹೊತ್ತಿಸಲಿಲ್ಲ. ಈಗ ಪುನಃ ಆರಂಭಿಸಿರುವರೆಂದು ಕೇಳಿಯೇ ನಾವು ಆತುರದಿಂದ ಬಂದಿದ್ದುದು.

ಚಿಕ್ಕಮಗಳೂರಿನ ನೆಂಟರು ಕಳುಹಿಸಿದ್ದ ಬೀಜವು ಮೊರದಲ್ಲಿದ್ದಿತು. ಬೂದುಹಸುರು ಬಣ್ಣ, ಕಲ್ಲಿನಂತೆ ಗಟ್ಟಿ. ಬಾಬಾಬುಡನ್ ಎಂಬ ಸಂತರು ಹದಿನೇಳನೆಯ ಶತಮಾನದಲ್ಲಿ ಅರಬ್ಬೀ ದೇಶದಿಂದ ಏಳು ಬೀಜಗಳನ್ನು ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರೆಂಬ ಐತಿಹ್ಯವು ಆ ನಾಡಿನದೇ. ಈಗ ಇಂಡಿಯಾದ ಕಾಫಿಯಲ್ಲಿ ನೂರಕ್ಕೆ ಸುಮಾರು ಎಪ್ಪತ್ತು ಪಾಲು ಕರ್ನಾಟಕದಲ್ಲಿಯೇ ಬೆಳೆಯುತ್ತದೆ.

ಅತ್ತೆಯವರು ಕಲ್ಲು, ಕಪ್ಪುಬೀಜಗಳನ್ನು ಆರಿಸಿ ತೆಗೆದು, ಇದ್ದಿಲು ಕೆಂಪಗಾಗಿ ಹೊಗೆ ನಿಂತ ಮೇಲೆ ದಪ್ಪ ಕಬ್ಬಿಣದ ಬಾಣಲೆಯನ್ನಿಟ್ಟು, ಅರ್ಧ ಕಿಲೋ ಬೀಜವನ್ನು ಸುರಿದರು. ಮರದ ಸೌಟು ಒಂದು ಕ್ಷಣವೂ ನಿಲ್ಲಕೂಡದು. ನಿಂತರೆ ತಳದ ಬೀಜ ಕರಿಯುತ್ತದೆ, ಮೇಲಿನದು ಹಸಿಯಾಗಿಯೇ ಇರುತ್ತದೆ. ಹತ್ತನೆಯ ತರಗತಿಯ ಮೊಮ್ಮಗಳನ್ನು ಮಗ್ಗುಲಲ್ಲಿ ಮಣೆ ಹಾಕಿ ಕೂರಿಸಿಕೊಂಡಿದ್ದರು.

"ಈಗ ಏನು ವಾಸನೆ ಬರುತ್ತೇ?"

"ಒದ್ದೆ ಹುಲ್ಲಿನ ಹಾಗೆ, ಅಜ್ಜಿ."

ಬೀಜ ಹಳದಿಯಾಯಿತು. ಮತ್ತೆ ಅದೇ ಪ್ರಶ್ನೆ. "ರೊಟ್ಟಿ ಬೇಯುವ ಹಾಗಿದೆ" ಎಂದಳು ಹುಡುಗಿ. ಆಮೇಲೆ ಬಹಳ ಹೊತ್ತು ಇಬ್ಬರೂ ಮಾತನಾಡಲಿಲ್ಲ. ಬೀಜವು ಕಂದುಬಣ್ಣಕ್ಕೆ ತಿರುಗಿ, ಮೇಲಿನ ತೆಳುಹೊಟ್ಟು ಹಾರತೊಡಗಿತು. ಆಗ ಅತ್ತೆಯವರು ತಲೆಯನ್ನು ಬಾಣಲೆಯ ಕಡೆಗೆ ಬಾಗಿಸಿದರು. ಚಟ್ ಎಂದು ಒಂದು ಸದ್ದು. ಸ್ವಲ್ಪ ತಡೆದು ಇನ್ನೊಂದು. ಬಳಿಕ ಜೋಳದ ಅರಳಿನಂತೆ ಚಟಪಟ ಚಟಪಟ. ಬೀಜದೊಳಗಿನ ತೇವವು ಆವಿಯಾಗಿ ಒತ್ತಿ ಬೀಜವನ್ನು ಬಿರಿಸುವ ಸದ್ದಿದು. ಸುಮಾರು 200 ಡಿಗ್ರಿ ಶಾಖದಲ್ಲಿ ಕೇಳುತ್ತದೆ. ಎರಡನೆಯ ಸಲದ ಸದ್ದು ಇನ್ನೂ ಮೆಲ್ಲಗೆ, ಒಣ ಕಡ್ಡಿ ಮುರಿದಂತೆ; ಅದು ಜೋರಾಗುವುದರೊಳಗೆ ಇಳಿಸಬೇಕು. "ಮೂಗು ಇದ್ದಾಗ ಇದು ನನ್ನ ಕಿವಿಗೆ ಬಿದ್ದೇ ಇರಲಿಲ್ಲ ಕಣಪ್ಪಾ" ಎಂದರು ನಮ್ಮನ್ನು ನೋಡಿ. ಐವತ್ತು ವರ್ಷ ಹುರಿದವರು!

"ಈಗ?"

"ಈಗ ಕಾಫಿ, ಅಜ್ಜಿ! ಸ್ವಲ್ಪ ಹೊಗೆ ವಾಸನೆನೂ ಇದೆ."

"ಹೊಗೆ ಬಂತೆ? ಇಳಿಸು, ಇಳಿಸು!"

ಬೀಜವನ್ನು ಮೊರಕ್ಕೆ ಸುರಿದು ಹುಡುಗಿ ಕೇರತೊಡಗಿದಳು. ಬಾಣಲೆಯಲ್ಲಿಯೇ ಬಿಟ್ಟರೆ ತನ್ನ ಬಿಸಿಗೆ ತಾನೇ ಹುರಿಯುತ್ತಿರುವುದರಿಂದ, ಬೇಗ ಆರಿಸುವುದೂ ಹುರಿಯುವಷ್ಟೇ ಮುಖ್ಯವಾದ ಕೆಲಸ. ತೂಗಿ ನೋಡಿದಾಗ ಅರ್ಧ ಕಿಲೋ ಬೀಜವು 420 ಗ್ರಾಮಿಗೆ ಇಳಿದಿದ್ದಿತು. ಅತ್ತೆಯವರು ಒಂದು ಬೀಜವನ್ನು ಕಡಿದು, "ಒಂದು ಚೂರು ಹೆಚ್ಚಾಯಿತು" ಎಂದರು. ಪರಿಮಳ ತಿಳಿಯದಿದ್ದರೂ ಕಹಿಯನ್ನು ಅವರ ನಾಲಿಗೆ ಇನ್ನೂ ಬಲ್ಲದು. ಹುಡುಗಿಯ ಮುಖ ಸಣ್ಣದಾಯಿತು. "ಹೊಗೆ ಬರೋದಕ್ಕೆ ಮುಂಚೆ ಒಂದು ಸಿಹಿ ವಾಸನೆ ಇರುತ್ತೆ, ಬೆಲ್ಲದ ಪಾಕದ ಹಾಗೆ. ಮುಂದಿನ ಸಲ ಅಲ್ಲಿ ಹೇಳು" ಎಂದು ಅವಳ ಬೆನ್ನು ಸವರಿದರು.

ಕಾಫಿಯ ತವರಾದ ಇಥಿಯೋಪಿಯದಲ್ಲಿ ಮನೆಯೊಡತಿಯು ಅತಿಥಿಗಳ ಮುಂದೆಯೇ ಬೀಜ ಹುರಿದು, ಅದರ ಹೊಗೆಯನ್ನು ಒಬ್ಬೊಬ್ಬರ ಬಳಿಗೂ ತಂದು ಮೂಸಿಸಿ, ಆಮೇಲೆ ಕುಟ್ಟಿ ಕಾಸಿ ಮೂರು ಸುತ್ತು ಬಡಿಸುತ್ತಾಳೆ. ನಮ್ಮಲ್ಲಿ ಹುರಿಯುವುದು ಹಿತ್ತಿಲ ಕೆಲಸ, ಬಡಿಸುವುದು ನಡುಮನೆಯ ಕೆಲಸ. ಇವೆರಡರ ನಡುವೆ ಒಂದು ದಿನವಾದರೂ ಕಳೆಯಬೇಕು. ಹೊಸದಾಗಿ ಹುರಿದ ಬೀಜದೊಳಗೆ ಅನಿಲವು ತುಂಬಿದ್ದು, ಒಡನೆಯೇ ಪುಡಿ ಮಾಡಿದರೆ ನೀರು ಸರಿಯಾಗಿ ಇಳಿಯದು. ಆದುದರಿಂದ ನಮಗೆ ದೊರೆತುದು ಗುರುವಾರ ಹುರಿದಿದ್ದ ಬೀಜದ ಕಾಫಿ.

ಮೇಜಿನ ಅಂಚಿಗೆ ತಿರುಪು ಹಾಕಿದ ಕೈಯಂತ್ರದಲ್ಲಿ ಪುಡಿ ಮಾಡುವ ಕೆಲಸ ನಮ್ಮ ಪಾಲಿಗೆ ಬಂದಿತು. ತೋಳು ನೋಯುವವರೆಗೆ ತಿರುಗಿಸಿದೆವು. ಹಿತ್ತಾಳೆಯ ಫಿಲ್ಟರಿನ ಮೇಲಿನ ಪಾತ್ರೆಗೆ ಪುಡಿ ಹಾಕಿ, ಕೊಡೆಯಂಥ ತೂತುತಟ್ಟೆಯಿಂದ ಮೆಲ್ಲಗೆ ಒತ್ತಿ, ಕುದಿದಿಳಿದ ನೀರನ್ನು ಸುತ್ತು ಬರುವಂತೆ ಸುರಿದರು. ಡಿಕಾಕ್ಷನ್ ಹನಿಹನಿಯಾಗಿ ಇಳಿಯಲು ಇಪ್ಪತ್ತು ನಿಮಿಷ ಬೇಕಾಯಿತು. ಅದನ್ನು ಮತ್ತೆ ಒಲೆಯ ಮೇಲಿಡುವುದು ಆ ಮನೆಯಲ್ಲಿ ಮಹಾಪರಾಧ. ಕಾಯಬೇಕಾದುದು ಹಾಲು ಮಾತ್ರ. ಫಿಲ್ಟರು ಬರುವ ಮುಂಚೆ ತಮ್ಮ ತವರಿನಲ್ಲಿ ಬೆಲ್ಲದ ನೀರಿಗೆ ಪುಡಿ ಹಾಕಿ ಬಟ್ಟೆಯಲ್ಲಿ ಸೋಸುತ್ತಿದ್ದರೆಂದೂ, ಮಡಿವಂತರಾದ ಅವರ ತಾತ ಕಾಫಿಯನ್ನು ದುರಭ್ಯಾಸವೆಂದು ಬೈಯುತ್ತಲೇ ಎರಡು ಲೋಟ ಕುಡಿಯುತ್ತಿದ್ದರೆಂದೂ ಅತ್ತೆಯವರು ಹೇಳಿದರು. ಲೋಟದಿಂದ ಬಟ್ಟಲಿಗೆ, ಬಟ್ಟಲಿನಿಂದ ಲೋಟಕ್ಕೆ ಎತ್ತರದಿಂದ ಹೊಯ್ದಾಗ ನೊರೆ ಎದ್ದಿತು. ಮೊದಲ ಲೋಟ ನಮ್ಮ ಮನೆಯವರಿಗೆ. ಅವರು ಕುಡಿಯುವವರೆಗೂ ಅತ್ತೆಯವರು ತಮ್ಮ ಲೋಟವನ್ನು ಮುಟ್ಟದೆ, "ಪರಿಮಳ ಇದೆಯೇನಮ್ಮಾ?" ಎಂದು ಕೇಳಿದರು. ಇದೆಯೆಂದ ಮೇಲೆ ತಾವು ತುಟಿಗೆ ಸೋಕಿಸದೆ ಎತ್ತಿ ಕುಡಿದರು.

ಹೊರಡುವಾಗ ಅಂದಿನ ಬೀಜದಲ್ಲಿ ಕಾಲು ಕಿಲೋವನ್ನು ಡಬ್ಬಿಗೆ ತುಂಬಿ, "ನಾಳೆಯವರೆಗೆ ಮುಚ್ಚಳ ಬಿಗಿಯಬೇಡ, ಗಾಳಿ ಹೋಗಲಿ" ಎಂದು ಎಚ್ಚರಿಕೆ ಹೇಳಿ ಕೊಟ್ಟರು. ಸಂಜೆಯ ರೈಲಿನಲ್ಲಿ ಡಬ್ಬಿಯನ್ನು ಮೇಲಿನ ಹಲಗೆಯ ಮೇಲಿಟ್ಟಿದ್ದೆವು. ಬಿಡದಿ ದಾಟುವುದರೊಳಗೆ ಎದುರು ಕುಳಿತಿದ್ದ ಹಿರಿಯರೊಬ್ಬರು ಆ ಕಡೆ ಈ ಕಡೆ ನೋಡಿ, ಪುಡಿಯನ್ನು ಯಾವ ಅಂಗಡಿಯಲ್ಲಿ ಕೊಂಡಿರೆಂದು ಕೇಳಿದರು. ಪುಡಿಯಲ್ಲ, ಬೀಜವೆಂದು ಹೇಳಿ, ಮುಚ್ಚಳವನ್ನು ತೆರೆದು ತೋರಿಸಿದೆವು.